ಇಂಗ್ಲಿಷ್ ವಾಕ್ಯ ಜೋಡಿಸುವಾಗ ‘ಆ್ಯಂಡ್’ ಎಲ್ಲಿ, ಕಾಮಾ ಎಲ್ಲಿ?

ಬಳಪ_ಸ್ಲೇಟು

ಎಂಟನೇ ತರಗತಿಗೆ ವಾಕ್ಯ ಜೋಡಣೆಯ ಅಭ್ಯಾಸ. ಕೊಟ್ಟ ತುಂಡು ವಾಕ್ಯಗಳು ನಾಲ್ಕು: “ಗೀತಾ ಓಪನ್ಡ್ ದ ವಿಂಡೋ. ಗೀತಾ ಲುಕ್ಡ್ ಔಟ್. ಹರ್ ಬ್ರದರ್ ಲುಕ್ಡ್ ಔಟ್. ದ ಬಸ್ ಹ್ಯಾಡ್ ಲೆಫ್ಟ್.” ಒಂದೇ ವಾಕ್ಯ ಮಾಡಿ ಅಂದರೆ ಉತ್ತರ ಎರಡು ಥರ ಬರುತ್ತೆ.

ಒಂದು: “ಗೀತಾ ಓಪನ್ಡ್ ದ ವಿಂಡೋ, ಆ್ಯಂಡ್ ಲುಕ್ಡ್ ಔಟ್ ಆ್ಯಂಡ್ ಹರ್ ಬ್ರದರ್ ಲುಕ್ಡ್ ಔಟ್ ಬಟ್ ದ ಬಸ್ ಹ್ಯಾಡ್ ಲೆಫ್ಟ್.”

ಇನ್ನೊಂದು: “ಓಪನಿಂಗ್ ದ ವಿಂಡೋ, ದ ಬಸ್ ಹ್ಯಾಡ್ ಲೆಫ್ಟ್.”

ಕಾಂಪೌಂಡ್ ಸಬ್ಜೆಕ್ಟ್, ಕಾಂಪೌಂಡ್ ಪ್ರೆಡಿಕೇಟ್, ಕ್ಲಾಸ್ (ತನ್ನದೇ ಕರ್ತೃ, ಕ್ರಿಯಾಪದ ಇರುವ ತುಂಡು, clause) ಅಂದರೆ ಏನು ಅಂತ ಕೇಳಿದರೆ ವ್ಯಾಖ್ಯೆ ಸರಿಯಾಗಿ ಹೇಳ್ತಾರೆ. ಜೋಡಿಸೋಕೆ ಕೂತಾಗ ಅದು ಉಪಯೋಗಕ್ಕೆ ಬರಲ್ಲ. ಎಲ್ಲಿಂದ ಶುರು ಮಾಡಿಸೋದು?

ಅರ್ಧವಿರಾಮ

ವ್ಯಾಖ್ಯೆ ಬದಿಗಿಡಿ, ಪೆನ್ಸಿಲ್ ಕೊಡಿ. ಪ್ರತಿ ತುಂಡು ವಾಕ್ಯದಲ್ಲೂ ಕರ್ತೃವಿಗೆ ಒಂದು ಗೆರೆ, ಕ್ರಿಯಾಪದಕ್ಕೆ ಎರಡು ಗೆರೆ ಎಳೆಯಲಿ. ಆಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಎರಡು ವಾಕ್ಯಗಳಲ್ಲಿ ಮರುಕಳಿಸಿದ್ದು ಯಾವುದು?

ಒಂದು ಗೆರೆಯದು ಮರುಕಳಿಸಿದರೆ (ಗೀತಾ, ಗೀತಾ) ಎರಡನೆಯದನ್ನು ಹೊಡೆದುಹಾಕಿ ಕ್ರಿಯೆಗಳನ್ನು ಜೋಡಿಸಿ: “ಗೀತಾ ಓಪನ್ಡ್ ದ ವಿಂಡೋ ಆ್ಯಂಡ್ ಲುಕ್ಡ್ ಔಟ್.” ಇದು ಕಾಂಪೌಂಡ್ ಪ್ರೆಡಿಕೇಟ್, ಇಲ್ಲಿ ಕಾಮಾ ಬೇಡ. ಎರಡು ಗೆರೆಯದು ಮರುಕಳಿಸಿದರೆ (ಲುಕ್ಡ್ ಔಟ್, ಲುಕ್ಡ್ ಔಟ್) ಕರ್ತೃಗಳನ್ನು ಜೋಡಿಸಿ: “ಗೀತಾ ಆ್ಯಂಡ್ ಹರ್ ಬ್ರದರ್ ಲುಕ್ಡ್ ಔಟ್.” ಇದು ಕಾಂಪೌಂಡ್ ಸಬ್ಜೆಕ್ಟ್, ಇಲ್ಲೂ ಕಾಮಾ ಇಲ್ಲ. ಏನೂ ಮರುಕಳಿಸದಿದ್ದರೆ ಎರಡೂ ಪೂರ್ತಿ ಕ್ಲಾಸುಗಳಾಗಿಯೇ ಉಳಿಯುತ್ತವೆ. ಅವುಗಳ ನಡುವೆ ಕಾಮಾ ಹಾಕಿ ಆಮೇಲೆ ‘ಆ್ಯಂಡ್’, ‘ಬಟ್’, ‘ಸೋ’ ಬರೆಯಬೇಕು.

ನಿಮ್ಮ ನಾಲ್ಕು ವಾಕ್ಯಕ್ಕೆ ಒಂದು ಉತ್ತರ: “ವೆನ್ ಗೀತಾ ಓಪನ್ಡ್ ದ ವಿಂಡೋ, ಶಿ ಆ್ಯಂಡ್ ಹರ್ ಬ್ರದರ್ ಲುಕ್ಡ್ ಔಟ್, ಬಟ್ ದ ಬಸ್ ಹ್ಯಾಡ್ ಲೆಫ್ಟ್.” ಮೊದಲ ಕಾಮಾ ‘ವೆನ್’ ತುಂಡು ಮುಂದೆ ಬಂದದ್ದಕ್ಕೆ, ಎರಡನೆಯದು ಹೊಸ ಕರ್ತೃ ‘ಬಸ್’ ಬಂದದ್ದಕ್ಕೆ. ‘ವೆನ್’ ತುಂಡನ್ನು ಹಿಂದಕ್ಕೆ ಹಾಕಿದರೆ ಸಾಮಾನ್ಯವಾಗಿ ಅದರ ಕಾಮಾ ಬಿದ್ದುಹೋಗುತ್ತೆ.

ಅನುಮಾನ ಬಂದಾಗ ‘ಆ್ಯಂಡ್’ನ ಬಲಗಡೆ ಇರೋದನ್ನು ಮಾತ್ರ ಬೆರಳಿಟ್ಟು ಓದಿಸಿ. ‘ಲುಕ್ಡ್ ಔಟ್’ ಒಂಟಿಯಾಗಿ ನಿಲ್ಲಲ್ಲ, ಕಾಮಾ ಬೇಡ. ‘ದ ಬಸ್ ಹ್ಯಾಡ್ ಲೆಫ್ಟ್’ ನಿಲ್ಲುತ್ತೆ, ಕಾಮಾ ಬೇಕು.

ಕರಡು_ತಿದ್ದುವವ

ಮೇಲಿನದಕ್ಕೆ ಎರಡು ವಿನಾಯಿತಿ ಸೇರಿಸಿ. ಎರಡೂ ಕ್ಲಾಸು ತೀರಾ ಚಿಕ್ಕದಿದ್ದರೆ ಕಾಮಾ ಬಿಡಬಹುದು: “ಹಿ ಸ್ಯಾಂಗ್ ಆ್ಯಂಡ್ ಶಿ ಡಾನ್ಸ್ಡ್.” ಹಾಗೇ ಕಾಂಪೌಂಡ್ ಪ್ರೆಡಿಕೇಟ್‌ನಲ್ಲಿ ಅರ್ಥ ಜಾರುವ ಕಡೆ ಕಾಮಾ ಹಾಕಬಹುದು: “ಶಿ ಸಾ ದ ಮ್ಯಾನ್ ಹೂ ಸ್ಟೋಲ್ ದ ಬ್ಯಾಗ್, ಆ್ಯಂಡ್ ಶೌಟೆಡ್.” ಕಾಮಾ ತೆಗೆದರೆ ಕೂಗಿದ್ದು ಕಳ್ಳ ಅಂತಲೂ ಓದಬಹುದು.

ಮಕ್ಕಳಿಗೆ ಇದು ಮೊದಲ ತಿಂಗಳೇ ಬೇಡ. ವಿನಾಯಿತಿ ಮೊದಲು ಹೇಳಿದರೆ ನಿಯಮ ಕೂರಲ್ಲ.

ಸೋಮವಾರಸಂತೆ

ಎರಡನೇ ಉತ್ತರ (“ಓಪನಿಂಗ್ ದ ವಿಂಡೋ, ದ ಬಸ್ ಹ್ಯಾಡ್ ಲೆಫ್ಟ್”) ಯಾಕೆ ಬರುತ್ತೆ ಅಂತ ಯಾರೂ ಹೇಳಲಿಲ್ಲ. ಅದು ಅಜಾಗರೂಕತೆಯಲ್ಲ, ಶುದ್ಧ ಕನ್ನಡ. “ಕಿಟಕಿ ತೆಗೆದು ನೋಡಿದರೆ ಬಸ್ ಹೋಗಿತ್ತು.” ತೆಗೆದವಳು ಗೀತಾ, ಹೋಗಿದ್ದು ಬಸ್ಸು. ಕನ್ನಡಕ್ಕೆ ಇದರಲ್ಲಿ ತಕರಾರಿಲ್ಲ.

ನಾವು ವಾಕ್ಯ ಜೋಡಿಸೋದು ಕ್ರಿಯಾಪದದ ಬಾಲ ತಿರುಗಿಸಿ. “ಪೇಟೆಗೆ ಹೋಗಿ ತರಕಾರಿ ತಂದು ಅಡುಗೆ ಮಾಡಿ ಬಡಿಸಿದಳು” ಅನ್ನೋದರಲ್ಲಿ ಕೆಲಸ ನಾಲ್ಕು, ಕಾಲ ತೋರಿಸೋ ಪೂರ್ಣ ಕ್ರಿಯಾಪದ ಒಂದೇ, ಕೊನೆಯದು. ಉಳಿದ ಮೂರೂ ಕೃದಂತಾವ್ಯಯ. ಮಧ್ಯೆ ‘ಮತ್ತು’ ಇಲ್ಲವೇ ಇಲ್ಲ. ಇಂಗ್ಲಿಷಿಗೆ ತಂದಾಗ ನಾಲ್ಕಕ್ಕೂ ಕಾಲ ಹಚ್ಚಬೇಕು: “ಶಿ ವೆಂಟ್ ಟು ದ ಮಾರ್ಕೆಟ್, ಬಾಟ್ ವೆಜಿಟಬಲ್ಸ್, ಕುಕ್ಡ್, ಆ್ಯಂಡ್ ಸರ್ವ್ಡ್ ದ ಮೀಲ್.” ಮಕ್ಕಳು ‘ವೆಂಟ್’ ಒಂದಕ್ಕೆ ಕಾಲ ಕೊಟ್ಟು ‘ಬೈ’, ‘ಕುಕ್’, ‘ಸರ್ವ್’ ಅಂತ ಬರೆಯೋದು ಇದೇ ಕಾರಣಕ್ಕೆ: ಒಂದು ಕ್ರಿಯಾಪದ ಕಾಲ ಹೊತ್ತರೆ ಸಾಕು ಅನ್ನೋದು ಮನೆಭಾಷೆಯ ಲೆಕ್ಕ.

ಇನ್ನೂ ಕಷ್ಟದ್ದು ಇದೆ. “ಮಳೆ ಬಂದು ಕೆರೆ ತುಂಬಿತು”, “ಕರೆಂಟ್ ಹೋಗಿ ಕೆಲಸ ನಿಂತಿತು.” ಕೃದಂತದ ಕರ್ತೃ ಬೇರೆ, ಪೂರ್ಣ ಕ್ರಿಯೆಯ ಕರ್ತೃ ಬೇರೆ. ಇದನ್ನೇ “ಹ್ಯಾವಿಂಗ್ ರೇನ್ಡ್ ಹೆವಿಲಿ, ದ ಟ್ಯಾಂಕ್ ಫಿಲ್ಡ್ ಅಪ್” ಅಂದರೆ ಇಂಗ್ಲಿಷ್ ಓದುಗನಿಗೆ ಮಳೆ ಸುರಿಸಿದ್ದು ಕೆರೆ. ಕಾಮಾದ ನಂತರ ಬರೋ ಮೊದಲ ಕರ್ತೃವೇ ‘-ಇಂಗ್’ ತುಂಡಿನ ಯಜಮಾನ. ಇದೊಂದು ನಿಯಮ ಕೂತರೆ ಡ್ಯಾಂಗ್ಲಿಂಗ್ (‘-ಇಂಗ್’ ತುಂಡು ತನ್ನ ಯಜಮಾನನಿಲ್ಲದೆ ತೂಗಾಡುವ) ತಪ್ಪು ಮುಕ್ಕಾಲು ಪಾಲು ನಿಲ್ಲುತ್ತೆ. ತಿದ್ದೋದು ಸುಲಭ: ಯಜಮಾನನನ್ನು ಕಾಮಾದ ಪಕ್ಕಕ್ಕೆ ತನ್ನಿ (“ಓಪನಿಂಗ್ ದ ವಿಂಡೋ, ಗೀತಾ ಸಾ ದಟ್ ದ ಬಸ್ ಹ್ಯಾಡ್ ಲೆಫ್ಟ್”), ಇಲ್ಲವೇ ‘-ಇಂಗ್’ ಬಿಟ್ಟು ‘ವೆನ್’, ‘ಆಫ್ಟರ್’ ಹಾಕಿ ಪೂರ್ತಿ ಕ್ಲಾಸ್ ಮಾಡಿ.

ನೆರಳು_ಬಿಸಿಲು

@ಸೋಮವಾರಸಂತೆ, “ದ ರೈನ್ ಹ್ಯಾವಿಂಗ್ ಸ್ಟಾಪ್ಡ್, ವಿ ವೆಂಟ್ ಔಟ್” ಅನ್ನೋದು ಸರಿಯಲ್ವಾ? ಅಲ್ಲೂ ಕರ್ತೃ ಬೇರೆ ಬೇರೆ.

ಸೋಮವಾರಸಂತೆ

ಸರಿ. ಅದು ನಾಮಿನೇಟಿವ್ ಅಬ್ಸಲ್ಯೂಟ್. ‘-ಇಂಗ್’ ತುಂಡು ತನ್ನ ಕರ್ತೃವನ್ನು (ದ ರೈನ್) ಜೊತೆಗೇ ಕಟ್ಟಿಕೊಂಡು ಬಂದಿದೆ, ಹಾಗಾಗಿ ಪಕ್ಕದ ಮನೆಯಿಂದ ಎರವಲು ಬೇಕಿಲ್ಲ. ನಮ್ಮ “ಮಳೆ ನಿಂತು…”ಗೆ ಅತಿ ಹತ್ತಿರದ ರಚನೆ. ಪ್ರಶ್ನೆಪತ್ರಿಕೆಗೆ ಇದರ ಮೇಲೆ ಪ್ರೀತಿ, ಆಡುಮಾತಿನಲ್ಲಿ ಅಪರೂಪ. ಆಡುವಾಗ “ವೆನ್ ದ ರೈನ್ ಸ್ಟಾಪ್ಡ್” ಅಂದರೆ ಸಾಕು.

ಕಡಲತಡಿ

ಕಾಂಪೌಂಡ್ ಸಬ್ಜೆಕ್ಟ್ ಅಷ್ಟು ಸುಲಭ ಅಲ್ಲ ಮಾರಾಯ್ರೆ. ಜೋಡಿಸಿದ ಕೂಡಲೇ ಕ್ರಿಯಾಪದ ಬದಲಾಗಬೇಕು: ‘ರವಿ ಈಸ್’, ‘ಗೀತಾ ಈಸ್’, ಜೋಡಿಸಿದರೆ ‘ರವಿ ಆ್ಯಂಡ್ ಗೀತಾ ಆರ್’. ಭೂತಕಾಲದ ವಾಕ್ಯ ಮಾತ್ರ ಕೊಟ್ಟರೆ (‘ಲುಕ್ಡ್’ ಏಕವಚನಕ್ಕೂ ಅದೇ, ಬಹುವಚನಕ್ಕೂ ಅದೇ) ಈ ತಪ್ಪು ಬಚ್ಚಿಟ್ಟುಕೊಳ್ತದೆ. ಅಭ್ಯಾಸದಲ್ಲಿ ಅರ್ಧವಾದರೂ ವರ್ತಮಾನಕಾಲದ್ದಿರಲಿ.

ಎಡವುವ ಜಾಗ ಇವು. ‘ಅಥವಾ’ ಅರ್ಥದ ‘ಆರ್’, ‘ನಾರ್’ ಬಂದರೆ ಹತ್ತಿರದ ಕರ್ತೃ ನೋಡಿ: “ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ಆರ್ ಹಿಯರ್.” ತಿರುಗಿಸಿ ಬರೆದರೆ ‘ಟೀಚರ್ ಈಸ್’. ‘ಆಸ್ ವೆಲ್ ಆಸ್’, ‘ಅಲಾಂಗ್ ವಿತ್’ ಬಂದರೆ ಎರಡನೆಯವರು ಲೆಕ್ಕಕ್ಕಿಲ್ಲ: “ರವಿ, ಅಲಾಂಗ್ ವಿತ್ ಹಿಸ್ ಬ್ರದರ್ಸ್, ಈಸ್ ಕಮಿಂಗ್.” ನಮಗೆ ‘ತಮ್ಮಂದಿರ ಜೊತೆ’ ಅನ್ನೋ ರೂಪ ಇರುವುದರಿಂದ “ರವಿ ತಮ್ಮಂದಿರ ಜೊತೆ ಬರ್ತಾನೆ” ಅಂತ ಹೇಳಿಸಿ, ‘ಬರ್ತಾರೆ’ ಅನ್ನಲ್ಲ ಅಲ್ವಾ ಅಂತ ಕೇಳಿ. ಕೂಡಲೇ ಹಿಡೀತಾರೆ. ‘ಎವ್ರಿ ಬಾಯ್ ಆ್ಯಂಡ್ ಗರ್ಲ್’ಗೆ ‘ಹ್ಯಾಸ್’. ‘ಬ್ರೆಡ್ ಆ್ಯಂಡ್ ಬಟರ್’ ಒಂದು ತಿಂಡಿಯಾದ್ದರಿಂದ ‘ಈಸ್’. ‘ದ ಸೆಕ್ರೆಟರಿ ಆ್ಯಂಡ್ ಟ್ರೆಷರರ್’ ಒಬ್ಬನೇ ಮನುಷ್ಯ, ‘ದ ಸೆಕ್ರೆಟರಿ ಆ್ಯಂಡ್ ದ ಟ್ರೆಷರರ್’ ಇಬ್ಬರು. ಒಂದು ‘ದ’ ಒಂದು ತಲೆ.

ಮತ್ತೆ ‘ನಾನೂ ರವಿಯೂ’ ಅಂತ ನಾವು ನಮ್ಮನ್ನು ಮೊದಲು ಹೇಳಿಕೊಳ್ಳುತ್ತೇವೆ, ಇಂಗ್ಲಿಷಿನಲ್ಲಿ ‘ರವಿ ಆ್ಯಂಡ್ ಐ’. ಇದು ವ್ಯಾಕರಣಕ್ಕಿಂತ ಮರ್ಯಾದೆಯ ವಿಷಯ.

ಎರಡು_ಸೈಕಲ್

ಕರ್ತೃ ಜೋಡಿಸಬಾರದ ಕಡೆ ಜೋಡಿಸಿ ಅರ್ಥ ಕೆಡಿಸೋದೂ ಉಂಟು. “ರವಿ ಗಾಟ್ ಮ್ಯಾರಿಡ್ ಇನ್ ಮೇ. ಗೀತಾ ಗಾಟ್ ಮ್ಯಾರಿಡ್ ಇನ್ ಮೇ.” ಅಣ್ಣ ತಂಗಿ, ಬೇರೆ ಬೇರೆ ಮದುವೆ. “ರವಿ ಆ್ಯಂಡ್ ಗೀತಾ ಗಾಟ್ ಮ್ಯಾರಿಡ್ ಇನ್ ಮೇ” ಅಂದ ಕೂಡಲೇ ಗ್ರಹಚಾರ.

ಅಷ್ಟು ದೂರ ಹೋಗೋದೂ ಬೇಡ. “ರವಿ ಆ್ಯಂಡ್ ಗೀತಾ ಬಾಟ್ ಎ ಸೈಕಲ್”: ಸೈಕಲ್ ಒಂದೋ ಎರಡೋ? ಕನ್ನಡದಲ್ಲಿ ‘ಒಂದೊಂದು ಸೈಕಲ್ ಕೊಂಡರು’ ಅಂದು ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಆ ದ್ವಿರುಕ್ತಿ ಇಲ್ಲ, ‘ಈಚ್’ ಬೇಕು: “ರವಿ ಆ್ಯಂಡ್ ಗೀತಾ ಈಚ್ ಬಾಟ್ ಎ ಸೈಕಲ್.” ಜೋಡಿಸುವ ಮುಂಚೆ ವಸ್ತು ಎಷ್ಟು ಅಂತ ಎಣಿಸೋ ಅಭ್ಯಾಸ ಮಾಡಿಸಿ.

ನಿಷೇಧ ವಾಕ್ಯದ್ದೂ ಇದೇ ಗೋಳು. “ಅವನು ಟೀಯೂ ಕುಡಿಯಲ್ಲ, ಕಾಫಿಯೂ ಕುಡಿಯಲ್ಲ.” ಎರಡು ಸಲ ‘ಊ’ ಇದೆ ಅಂತ ಮಕ್ಕಳು “ಹಿ ಡಸ್ ನಾಟ್ ಡ್ರಿಂಕ್ ಟೀ ಆ್ಯಂಡ್ ಕಾಫಿ” ಬರೀತಾರೆ. ಎರಡನ್ನೂ ಒಟ್ಟಿಗೆ ಕುಡಿಯಲ್ಲ ಅಂತ ಓದೋಕೆ ಅದರಲ್ಲಿ ಜಾಗ ಇದೆ. ‘ನಾಟ್’ ನಂತರ ‘ಆರ್’: “ಟೀ ಆರ್ ಕಾಫಿ.” ಇಡೀ ಕ್ಲಾಸುಗಳನ್ನೇ ಜೋಡಿಸಿದರೆ ‘ನಾರ್’, ಆಗ ಪದಕ್ರಮ ಪ್ರಶ್ನೆಯ ಥರ ತಿರುಗುತ್ತೆ: “ಹಿ ಡಸ್ ನಾಟ್ ಸಿಂಗ್, ನಾರ್ ಡಸ್ ಹಿ ಡಾನ್ಸ್.” ‘ನಾರ್ ಹಿ ಡಾನ್ಸಸ್’ ತಪ್ಪು.

ಬಳಪ_ಸ್ಲೇಟು

‘ಒಂದೊಂದು’ ಅಂತ ಕೇಳಿದರೆ ಮಕ್ಕಳು ಬಿಡಲ್ಲ, ಚೆನ್ನಾಗಿದೆ. ಇನ್ನೊಂದು. ‘ಆಲ್ದೋ’ ಹಾಕಿ ಮತ್ತೆ ‘ಬಟ್’, ‘ಬಿಕಾಸ್’ ಹಾಕಿ ಮತ್ತೆ ‘ಸೋ’. ಇದೆಲ್ಲಿಂದ ಬರುತ್ತೆ?

ಅರ್ಧವಿರಾಮ

ಕನ್ನಡದ ಜೋಡಿಪದಗಳ ಪ್ರಭಾವ ಇದ್ದೀತು: ಯಾವಾಗ–ಆಗ, ಎಲ್ಲಿ–ಅಲ್ಲಿ, ಯಾರು–ಅವರು, ಹೇಗೆ–ಹಾಗೆ. ಎರಡೂ ಕಡೆ ಒಂದೊಂದು ಕೊಂಡಿ ಇದ್ದರೇನೇ ವಾಕ್ಯ ಗಟ್ಟಿ ಅನ್ನಿಸುತ್ತೆ. ಇಂಗ್ಲಿಷಿಗೆ ಎರಡು ಕ್ಲಾಸಿಗೆ ಒಂದೇ ಕೊಂಡಿ ಸಾಕು. ಕ್ಲಾಸುಗಳ ಸಂಖ್ಯೆಯಿಂದ ಒಂದು ಕಳೆದರೆ ಕೊಂಡಿಗಳ ಸಂಖ್ಯೆ: ಮೂರು ಕ್ಲಾಸಿಗೆ ಎರಡು. ಹೆಚ್ಚಿದ್ದರೆ ಒಂದನ್ನು ತೆಗೆ. ‘ಈದರ್–ಆರ್’, ‘ನಾಟ್ ಓನ್ಲಿ–ಬಟ್ ಆಲ್ಸೋ’ ಥರದ ಜೋಡಿ ಪೂರ್ತಿ ಸೇರಿ ಒಂದು ಕೊಂಡಿ, ‘ಇಫ್–ದೆನ್’ ಕೂಡ.

ಹಳೇ_ಮೇಷ್ಟ್ರು

‘ದೋ–ಯೆಟ್’ ಮರೆತಿರಿ. “ದೋ ಹಿ ಈಸ್ ಪೂರ್, ಯೆಟ್ ಹಿ ಈಸ್ ಹಾನೆಸ್ಟ್” ಎಂದು ಕಲಿಸುತ್ತಿದ್ದುದು ತಪ್ಪಲ್ಲ. ಅಲ್ಲಿ ‘ಯೆಟ್’ ಸಂಯೋಜಕವಲ್ಲ, ‘ಆದಾಗ್ಯೂ’ ಎಂಬ ಕ್ರಿಯಾವಿಶೇಷಣ. ‘ಬಟ್’ಗೆ ಆ ಎರಡನೇ ವೇಷ ಇಲ್ಲ, ಅದಕ್ಕೇ ‘ದೋ–ಬಟ್’ ತಪ್ಪು. ಈಗಿನ ಬರವಣಿಗೆಯಲ್ಲಿ ‘ಯೆಟ್’ ಕೈಬಿಟ್ಟರೂ ನಡೆಯುತ್ತದೆ.

ಇನ್ನೊಂದು ಮಾತು. ‘ಹೌಎವರ್’, ‘ದೇರ್‌ಫೋರ್’ ಇವೂ ಸಂಯೋಜಕಗಳಲ್ಲ. “ಇಟ್ ರೇನ್ಡ್, ಹೌಎವರ್ ದ ಮ್ಯಾಚ್ ವೆಂಟ್ ಆನ್” ಎಂದರೆ ಎರಡು ಪೂರ್ತಿ ಕ್ಲಾಸುಗಳನ್ನು ಬರೀ ಕಾಮಾದಿಂದ ಅಂಟಿಸಿದಂತೆ, ಅದು ಕಾಮಾ ಸ್ಪ್ಲೈಸ್. ಸೆಮಿಕೋಲನ್ ಬೇಕು: “ಇಟ್ ರೇನ್ಡ್; ಹೌಎವರ್, ದ ಮ್ಯಾಚ್ ವೆಂಟ್ ಆನ್.” ಪರೀಕ್ಷೆ ಹೀಗೆ: ಆ ಪದವನ್ನು ಎರಡನೇ ಕ್ಲಾಸಿನ ಒಳಗೆ ಸರಿಸಲು ಬರುತ್ತದೆಯೇ? “ದ ಮ್ಯಾಚ್, ಹೌಎವರ್, ವೆಂಟ್ ಆನ್” ಬರುತ್ತದೆ. “ದ ಮ್ಯಾಚ್, ಬಟ್, ವೆಂಟ್ ಆನ್” ಬರುವುದಿಲ್ಲ. ಸರಿಯುವ ಪದಕ್ಕೆ ಸೆಮಿಕೋಲನ್. ಸರಿಯದ ‘ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ’ ಈ ಏಳಕ್ಕೆ ಕಾಮಾ ಸಾಕು.

ನೆರಳು_ಬಿಸಿಲು

ಪರೀಕ್ಷೆಯ ಮಾತು ಬಂತಲ್ಲ. “ಹಿ ನಾಟ್ ಓನ್ಲಿ ರಾಬ್ಡ್ ದ ಶಾಪ್ ಬಟ್ ಆಲ್ಸೋ ಬರ್ನ್ಟ್ ಇಟ್” ಸಿಂಪಲ್ಲೋ ಕಾಂಪೌಂಡೋ? ನಮ್ಮ ಪುಸ್ತಕಗಳಲ್ಲಿ ಕಾಂಪೌಂಡ್ ಅಂತ, ಅಮೆರಿಕದ ವರ್ಕ್‌ಶೀಟುಗಳಲ್ಲಿ ಸಿಂಪಲ್ ಅಂತ.

ಹಳೇ_ಮೇಷ್ಟ್ರು

ಎರಡೂ ಕಡೆಯವರು ಬೇರೆ ಬೇರೆ ಎಣಿಸುತ್ತಿದ್ದಾರೆ. ಅಮೆರಿಕದ ಶಾಲಾ ಕ್ರಮದಲ್ಲಿ ಕರ್ತೃ–ಕ್ರಿಯೆಯ ಜೋಡಿ ಎಷ್ಟು ಎಂಬುದೇ ಲೆಕ್ಕ. ಇಲ್ಲಿ ಕರ್ತೃ ‘ಹಿ’ ಒಂದೇ, ಆದ್ದರಿಂದ ಕಾಂಪೌಂಡ್ ಪ್ರೆಡಿಕೇಟ್ ಇರುವ ಸಿಂಪಲ್ ವಾಕ್ಯ. ನಮ್ಮಲ್ಲಿ ನಡೆದುಬಂದ ಹಳೆಯ ಬ್ರಿಟಿಷ್ ಕ್ರಮದಲ್ಲಿ ಎರಡನೇ ‘ಹಿ’ ಲೋಪವಾಗಿದೆ, ಎರಡು ಕ್ಲಾಸು ಅಡಕವಾಗಿವೆ ಎಂದು ಭಾವಿಸಿ ಕಾಂಪೌಂಡ್ ಎನ್ನುತ್ತಾರೆ. ಕನ್ನಡ ವ್ಯಾಕರಣದ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳ ಪಾಠ ಕೇಳಿ ಬಂದ ಮಕ್ಕಳಿಗೆ ಇದು ಮೂರನೇ ಗೊಂದಲ, ಏಕೆಂದರೆ ಅಲ್ಲಿ “ಹೋಗಿ ತಂದು ಬಡಿಸಿದಳು” ಒಂದೇ ಪೂರ್ಣಕ್ರಿಯೆ ಇರುವ ಸಾಮಾನ್ಯ ವಾಕ್ಯ.

‘ಕಾಂಪೌಂಡ್ ಮಾಡಿ’ ಎಂದು ಕೇಳಿದಾಗ ಕರ್ತೃವನ್ನು ಮತ್ತೆ ಬರೆಯಲು ಹೇಳಿ: “ಹಿ ರಾಬ್ಡ್ ದ ಶಾಪ್, ಆ್ಯಂಡ್ ಹಿ ಆಲ್ಸೋ ಬರ್ನ್ಟ್ ಇಟ್.” ಎರಡು ಕ್ರಮದವರೂ ಅಂಕ ಕೊಡಲೇಬೇಕು.

ಕರಡು_ತಿದ್ದುವವ

‘ನಾಟ್ ಓನ್ಲಿ’ಯನ್ನು ಎಲ್ಲೋ ಇಟ್ಟು ‘ಬಟ್ ಆಲ್ಸೋ’ವನ್ನು ಇನ್ನೆಲ್ಲೋ ಇಡೋದು ನಿತ್ಯ ಕಾಣುವ ತಪ್ಪು. ಎರಡರ ಬಲಗಡೆಯೂ ಒಂದೇ ಜಾತಿಯ ಪದ ಬರಬೇಕು. ‘ನಾಟ್ ಓನ್ಲಿ ರಾಬ್ಡ್… ಬಟ್ ಆಲ್ಸೋ ಬರ್ನ್ಟ್’: ಕ್ರಿಯೆ, ಕ್ರಿಯೆ. ‘ನಾಟ್ ಓನ್ಲಿ ರಾಬ್ಡ್ ದ ಶಾಪ್ ಬಟ್ ಆಲ್ಸೋ ದ ಹೌಸ್’ ಅಂದರೆ ಕ್ರಿಯೆ, ನಾಮಪದ. ತಕ್ಕಡಿ ವಾಲಿತು.

ಈ ಸಮಾನ ರೂಪದ ಮಾತು ಕೋರ್ಟಿಗೂ ಹೋಗಿದೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಕೆಲವು ಕೆಲಸಗಳಿಗೆ ಓವರ್‌ಟೈಮ್ ಕೊಡಬೇಕಿಲ್ಲ ಅನ್ನೋ ಕಾನೂನಿನ ಪಟ್ಟಿ ‘ಕ್ಯಾನಿಂಗ್, ಪ್ರೊಸೆಸಿಂಗ್, ಪ್ರಿಸರ್ವಿಂಗ್…’ ಅಂತ ಸಾಗಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ನಲ್ಲಿ ಮುಗೀತಿತ್ತು. ‘ಶಿಪ್‌ಮೆಂಟ್’ ನಂತರ ಕಾಮಾ ಇಲ್ಲ. ಓಕ್‌ಹರ್ಸ್ಟ್ ಡೈರಿಯ ಚಾಲಕರು ಹಾಲು ವಿತರಿಸುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. ವಿತರಣೆ ಪಟ್ಟಿಯಲ್ಲಿ ಬೇರೆ ಕೆಲಸವೋ, ಬರೀ ‘ವಿತರಣೆಗಾಗಿ ಪ್ಯಾಕ್ ಮಾಡೋದೋ’? ಉಳಿದ ಕೆಲಸಗಳೆಲ್ಲ ‘-ಇಂಗ್’ ರೂಪದಲ್ಲಿವೆ, ‘ಡಿಸ್ಟ್ರಿಬ್ಯೂಷನ್’ ಒಂದು ಮಾತ್ರ ‘ಶಿಪ್‌ಮೆಂಟ್’ ಥರ ಇದೆ, ಆದ್ದರಿಂದ ಎರಡೂ ‘ಫಾರ್’ಗೆ ಸೇರಿದ್ದು ಅಂತ ಚಾಲಕರ ವಾದ. ಪ್ಯಾಕಿಂಗೇ ಕೊನೆಯದಾದರೆ ಅದಕ್ಕಿಂತ ಮೊದಲು ‘ಆರ್’ ಯಾಕಿಲ್ಲ ಅಂತ ಡೈರಿಯ ವಾದ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾತು ಅಸ್ಪಷ್ಟ ಅಂದು ಚಾಲಕರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಮೂರು ಅಥವಾ ಹೆಚ್ಚು ಪ್ರೆಡಿಕೇಟ್ ಇರೋ ಪಟ್ಟಿಯಲ್ಲಿ ಕೊನೆಯ ‘ಆ್ಯಂಡ್’ಗಿಂತ ಮೊದಲು ಬರೋ ಕಾಮಾ ಐಚ್ಛಿಕ ಅಂತಾರೆ ನಿಜ. ಒಂದು ತುಂಡಿನ ಒಳಗೇ ಇನ್ನೊಂದು ‘ಆ್ಯಂಡ್’ ಇದ್ದರೆ ಮಾತ್ರ ಬಿಡಬೇಡಿ.

ಸೋಮವಾರಸಂತೆ

ರಿಲೇಟಿವ್ ಕ್ಲಾಸ್ ಬಗ್ಗೆ ಎರಡೇ ಸಾಲು: ನಮ್ಮ ‘ನಿನ್ನೆ ಬಂದ ಹುಡುಗ’ದಲ್ಲಿ ವಿವರಣೆ ನಾಮಪದದ ಮುಂದೆ, ಇಂಗ್ಲಿಷಿನಲ್ಲಿ ಹಿಂದೆ (‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’). ಜೋಡಿಸಿದ ಮೇಲೆ ಹಳೆಯ ‘ಹಿ’ ಉಳಿದಿದೆಯಾ ನೋಡಿ. “ದ ಬಾಯ್ ಹೂ ಹಿ ಕೇಮ್” ಬರೆಯೋರು ಬಹಳ ಮಂದಿ.

ಕಡಲತಡಿ

ಎಷ್ಟು ಅಭ್ಯಾಸ ಮಾಡಿಸಿದರೆ ಸಾಕು? ಇದರಿಂದ ನಿಜಕ್ಕೂ ಬರವಣಿಗೆ ಸುಧಾರಿಸ್ತದಾ, ಅಥವಾ ಇದೂ ಒಂದು ಹೊಸ ಉರು ಹೊಡೆಯುವ ಕೆಲಸವಾ?

ಅರ್ಧವಿರಾಮ

ಅಮೆರಿಕದಲ್ಲಿ ಇದರ ಮೇಲೆ ಅಧ್ಯಯನ ನಡೆದಿದೆ. ಫ್ರಾಂಕ್ ಓಹೇರ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಏಳನೇ ತರಗತಿಯವರ ಮೇಲಿನದು. ವ್ಯಾಕರಣದ ಪರಿಭಾಷೆ ಕಲಿಸದೆ ಬರೀ ವಾಕ್ಯ ಜೋಡಿಸಲು ಕೊಟ್ಟರೂ ಮಕ್ಕಳ ವಾಕ್ಯಗಳು ಬೆಳೆದವು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ವಾಕ್ಯ ಜೋಡಣೆಯ ಪರಿಣಾಮ 0.50 (ಸೊನ್ನೆ ಅಂದರೆ ಬದಲಾವಣೆ ಇಲ್ಲ, ಇದು ಮಧ್ಯಮ ಮಟ್ಟದ ಸುಧಾರಣೆ), ಬಿಡಿಯಾಗಿ ವ್ಯಾಕರಣ ಪಾಠ ಮಾಡಿದ್ದರ ಪರಿಣಾಮ ಸೊನ್ನೆಗಿಂತ ಕೆಳಗೆ. ಅವು ಇಂಗ್ಲಿಷ್ ಮಾಧ್ಯಮದ ಅಮೆರಿಕನ್ ತರಗತಿಗಳ ಲೆಕ್ಕ ಅನ್ನೋದು ನೆನಪಿರಲಿ.

ನಮ್ಮ ತರಗತಿಗೆ ದಿನಕ್ಕೆ ಹತ್ತು ನಿಮಿಷ, ಎರಡು ಗುಂಪು, ಗುಂಪಿಗೆ ಮೂರ್ನಾಲ್ಕು ತುಂಡು ವಾಕ್ಯ. ಮೊದಲೆರಡು ವಾರ ಯಾವ ಕೊಂಡಿ ಅಂತ ಪಕ್ಕದಲ್ಲೇ ಬರೆದುಕೊಡಿ. ಆಮೇಲೆ ಕೊಂಡಿ ತೆಗೆದು ಒಂದೇ ಗುಂಪಿಗೆ ಎರಡು ಉತ್ತರ ಕೇಳಿ, ಯಾವುದು ವಾಸಿ ಅಂತ ಜೋರಾಗಿ ಓದಿಸಿ ಚರ್ಚೆ ಮಾಡಿಸಿ. ಉರು ಹೊಡೆಯೋದು ತಪ್ಪೋದು ಈ ಎರಡನೇ ಉತ್ತರದಿಂದ.

ಅಳೆಯೋಕೆ ಕೆಲ್ಲಾಗ್ ಹಂಟ್ 1965ರಲ್ಲಿ ಕೊಟ್ಟ ಟಿ-ಯೂನಿಟ್ ಬಳಸಿ: ಒಂದು ಮುಖ್ಯ ಕ್ಲಾಸು, ಅದಕ್ಕೆ ಅಂಟಿದ ಅಧೀನ ಕ್ಲಾಸುಗಳು ಸೇರಿ ಒಂದು ಯೂನಿಟ್. ಒಟ್ಟು ಪದಗಳನ್ನು ಯೂನಿಟ್‌ಗಳಿಂದ ಭಾಗಿಸಿ. ‘ಆ್ಯಂಡ್ ಆ್ಯಂಡ್ ಆ್ಯಂಡ್’ ಅಂತ ರೈಲು ಬೋಗಿ ಕಟ್ಟಿದವನ ವಾಕ್ಯ ಉದ್ದ ಕಂಡರೂ ಪ್ರತಿ ಮುಖ್ಯ ಕ್ಲಾಸು ಬೇರೆ ಯೂನಿಟ್ ಆಗೋದರಿಂದ ಸರಾಸರಿ ಏರಲ್ಲ.

ಬಳಪ_ಸ್ಲೇಟು

ನಾಳೆಗೆ ಮೊದಲ ಗುಂಪು: “ದ ಫಾರ್ಮರ್ ಗೆಟ್ಸ್ ಅಪ್ ಅರ್ಲಿ. ಹಿಸ್ ವೈಫ್ ಗೆಟ್ಸ್ ಅಪ್ ಅರ್ಲಿ. ದೇ ಮಿಲ್ಕ್ ದ ಕೌಸ್. ದ ವ್ಯಾನ್ ಕಮ್ಸ್ ಅಟ್ ಸಿಕ್ಸ್.” ನನ್ನ ಉತ್ತರ: “ದ ಫಾರ್ಮರ್ ಆ್ಯಂಡ್ ಹಿಸ್ ವೈಫ್ ಗೆಟ್ ಅಪ್ ಅರ್ಲಿ, ಆ್ಯಂಡ್ ಮಿಲ್ಕ್ ದ ಕೌಸ್ ಬಿಫೋರ್ ದ ವ್ಯಾನ್ ಕಮ್ಸ್ ಅಟ್ ಸಿಕ್ಸ್.” ಸರಿ ಇದೆಯಾ?

ಕಡಲತಡಿ

‘ಗೆಟ್ಸ್’ ‘ಗೆಟ್’ ಆದದ್ದು ಸರಿ. ‘ಅರ್ಲಿ’ ನಂತರದ ಕಾಮಾ ತೆಗೆಯಿರಿ, ಬಲಗಡೆ ಹೊಸ ಕರ್ತೃ ಇಲ್ಲ.